ಜಿಲ್ಲಾ ಪಂಚಾಯತಿಯಿಂದ ಊರಿನ ಕೆಲಸ ಮಾಡಿಸಿಕೊಳ್ಳುವುದು ಹೇಗೆ? ಕೊಪ್ಪಳ ಜಿಲ್ಲೆಯವರಿಗೆ ಒಂದು ಕೈಪಿಡಿ

ಜಿಲ್ಲಾಧಿಕಾರಿ ಕಚೇರಿ ಬೇರೆ, ಜಿಲ್ಲಾ ಪಂಚಾಯತಿ ಬೇರೆ. ಹಳ್ಳಿಯಿಂದ ಹೊರಟ ಅರ್ಜಿ ಮೊದಲು ಎಡವುವುದೇ ಇಲ್ಲಿ. ಶಾಲೆಯ ಕೋಣೆ ಸೋರುತ್ತದೆ ಎಂದು ಡಿ.ಸಿ. ಸಾಹೇಬರಿಗೆ ಕೊಟ್ಟ ಅರ್ಜಿ ‘ಮುಂದಿನ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಜಿಲ್ಲಾ ಪಂಚಾಯತಿಗೆ ಹೋಗುತ್ತದೆ. ಅಲ್ಲಿಂದ ತಾಲ್ಲೂಕು ಪಂಚಾಯತಿಗೆ, ಅಲ್ಲಿಂದ ನಿಮ್ಮದೇ ಊರಿನ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಟೇಬಲ್ಲಿಗೆ. ಅಷ್ಟರಲ್ಲಿ ಆ ವರ್ಷದ ಕ್ರಿಯಾ ಯೋಜನೆಗೆ, ಅಂದರೆ ಆ ಸಾಲಿನಲ್ಲಿ ಮಾಡುವ ಕೆಲಸಗಳ ಪಟ್ಟಿಗೆ, ಸಹಿ ಬಿದ್ದಿರುತ್ತದೆ. ಕೇಳಿದ್ದು ನ್ಯಾಯವಾಗಿದ್ದರೂ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಜಿಲ್ಲಾ ಪಂಚಾಯತಿಯ ಒಳಗೆ ಯಾರಿದ್ದಾರೆ, ಯಾವ ದುಡ್ಡು ಅವರ ಕೈಯಲ್ಲಿದೆ, ಯಾವ ತಿಂಗಳಲ್ಲಿ ಯಾವ ಕಾಗದ ಓಡಾಡುತ್ತದೆ ಎಂಬುದು ಗೊತ್ತಿದ್ದರೆ ಈ ಸುತ್ತಾಟದ ಅರ್ಧ ತಪ್ಪುತ್ತದೆ. ಉದಾಹರಣೆಗಳು ಕೊಪ್ಪಳದವು. ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಆದ್ದರಿಂದ ರಾಯಚೂರು, ಬಳ್ಳಾರಿಯವರಿಗೂ ಇದೇ ಕ್ರಮ ನಡೆಯುತ್ತದೆ.

ಈ ಸಂಸ್ಥೆ ಬಂದ ದಾರಿ

ನಮ್ಮ ಮೂರು ಜಿಲ್ಲೆಗಳಿಗೆ ಎರಡು ಬೇರೆ ಬೇರೆ ಹಿನ್ನೆಲೆಗಳಿವೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸ್ಥಳೀಯ ಆಡಳಿತ ಜನರ ಕೈಗೆ ಬರಬೇಕೆಂದ ವೈಸರಾಯ್ ರಿಪ್ಪನ್‌ರ 1882ರ ಠರಾವಿನ ನಂತರ ಬಂದ 1884ರ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆಯಿಂದ ಅಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು ಬಂದವು. ರಸ್ತೆ, ಛತ್ರ, ಶಾಲೆ, ದವಾಖಾನೆ ಎಲ್ಲ ಅವುಗಳ ಕೈಯಲ್ಲಿತ್ತು. ‘ಬೋರ್ಡ್ ಹೈಸ್ಕೂಲು’ ಎಂಬ ಮಾತು ಆ ಕಾಲದ್ದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.

ರಾಯಚೂರು, ಕೊಪ್ಪಳ ನಿಜಾಮರ ಸೀಮೆ. ಕೊಪ್ಪಳವಂತೂ ಸಾಲಾರ್ ಜಂಗರ ಜಾಗೀರು. ಮದ್ರಾಸ್ ಕಡೆ ಬೆಳೆದ ಬೋರ್ಡಿನ ರೂಢಿ ಇತ್ತ ಆ ಮಟ್ಟಿಗೆ ಬೆಳೆಯಲಿಲ್ಲ. ಜಿಲ್ಲೆ ಎಂದರೆ ಅಧಿಕಾರಿ ಎಂದೇ ಜನ ತಿಳಿದರು. ಇವತ್ತಿಗೂ ಎಲ್ಲ ಅರ್ಜಿಯನ್ನೂ ಡಿ.ಸಿ. ಹೆಸರಿಗೇ ಬರೆಯುವ ಅಭ್ಯಾಸಕ್ಕೆ ಇದೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. 1956ರ ಏಕೀಕರಣದಲ್ಲಿ ರಾಯಚೂರು ಜಿಲ್ಲೆ ಇತ್ತ ಬಂತು. ಗದ್ವಾಲ, ಆಲಂಪುರ ಅತ್ತ ಉಳಿದವು.

ರಾಜ್ಯಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1959ರಲ್ಲಿ. ಅದರಲ್ಲಿ ಗ್ರಾಮ ಪಂಚಾಯತಿಗೂ ತಾಲ್ಲೂಕು ಬೋರ್ಡಿಗೂ ಚುನಾವಣೆ ಇತ್ತು. ಜಿಲ್ಲೆಯ ಮಟ್ಟದಲ್ಲಿ ಇದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು ಮಾತ್ರ. ಜಿಲ್ಲೆಗೆ ನೇರ ಚುನಾಯಿತ ಸಭೆ ಸಿಕ್ಕಿದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಇದರ ಬೆನ್ನು ಹತ್ತಿದವರು. ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರೂ ಅವರೇ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗೂ ಚುನಾವಣೆ ನಡೆದವು. ಶೇ. 25ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿತ್ತು. ದೇಶದ ಪಂಚಾಯತಿಗಳಿಗೆಲ್ಲ ಸಂವಿಧಾನದ ಆಸರೆ ಕೊಟ್ಟ 73ನೇ ತಿದ್ದುಪಡಿ ಬರುವ ಆರು ವರ್ಷ ಮುಂಚಿನ ಮಾತು ಇದು. ಕನ್ನಡ ನಾಡು ಹೆಮ್ಮೆಪಡಬೇಕಾದ ಸಂಗತಿ.

ಆ ತಿದ್ದುಪಡಿಗೆ ಹೊಂದಿಸಿ ಬಂದದ್ದು ಈಗಿನ ಕಾಯ್ದೆ. 1993ರ ಮೇ 10ರಿಂದ ಜಾರಿಯಲ್ಲಿದೆ. ಈಗ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ತನ್ನದೇ ಜಿಲ್ಲಾ ಪಂಚಾಯತಿ ಪಡೆಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಒಡೆಯಿತು. ಹಳೆಯ ಠರಾವು, ಕಡತ ಹುಡುಕುವವರು ಇದನ್ನು ನೆನಪಿಡಬೇಕು. ಕುಷ್ಟಗಿಯ ಒಂದು ಶಾಲೆಯ 1990ರ ಕಾಗದ ಇದ್ದರೆ ರಾಯಚೂರಿನ ದಾಖಲೆ ಕೋಣೆಯಲ್ಲಿರಬಹುದು. ಹೊಸಪೇಟೆ ಕಡೆಯದು ಬಳ್ಳಾರಿಯಲ್ಲಿ.

ಒಳಗೆ ಯಾರ್ಯಾರು

1993ರ ಕಾಯ್ದೆ ಹಾಕಿದ ಸಾಮಾನ್ಯ ಲೆಕ್ಕ 40,000 ಗ್ರಾಮೀಣ ಜನಸಂಖ್ಯೆಗೆ ಒಬ್ಬ ಜಿಲ್ಲಾ ಪಂಚಾಯತಿ ಸದಸ್ಯ. ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 13.9 ಲಕ್ಷ. ಅದರಲ್ಲಿ ಹಳ್ಳಿಯವರು ಸುಮಾರು 11.5 ಲಕ್ಷ. 40,000ದಿಂದ ಭಾಗಿಸಿ ನೋಡಿ: 2016ರ ಚುನಾವಣೆಯಲ್ಲಿ ಕೊಪ್ಪಳಕ್ಕೆ 29 ಸ್ಥಾನ ಹೇಗೆ ಬಂದವು ಎಂಬುದು ತಿಳಿಯುತ್ತದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಯವರು ಈ ಲೆಕ್ಕಕ್ಕೆ ಬರುವುದಿಲ್ಲ. ಗಂಗಾವತಿ ನಗರದವರಿಗೋ ಭಾಗ್ಯನಗರದವರಿಗೋ ಜಿಲ್ಲಾ ಪಂಚಾಯತಿಗೆ ಮತವಿಲ್ಲ. ಅವರ ಬೀದಿ ದೀಪಕ್ಕೆ ಈ ಕಚೇರಿ ಹೊಣೆಯೂ ಅಲ್ಲ.

ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಗೆ ತಕ್ಕಷ್ಟು ಮೀಸಲು. ಹಿಂದುಳಿದ ವರ್ಗದ ಪಾಲಿನಲ್ಲಿ ಶೇ. 80 ‘ಅ’ ವರ್ಗಕ್ಕೆ, ಶೇ. 20 ‘ಬ’ ವರ್ಗಕ್ಕೆ. ಒಟ್ಟು ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ. ಇವರ ಜೊತೆ ಜಿಲ್ಲೆಯ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು, ತಾಲ್ಲೂಕು ಪಂಚಾಯತಿ ಅಧ್ಯಕ್ಷರು ಕೂಡ ಸಭೆಯಲ್ಲಿ ಕೂರುತ್ತಾರೆ. ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುವುದು ಮಾತ್ರ ಚುನಾಯಿತ ಸದಸ್ಯರು, ತಮ್ಮೊಳಗಿನಿಂದಲೇ.

ಕಾಯ್ದೆಯ ಪ್ರಕಾರ ಐದು ಸ್ಥಾಯಿ ಸಮಿತಿಗಳು: ಸಾಮಾನ್ಯ; ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನೆ; ಸಾಮಾಜಿಕ ನ್ಯಾಯ; ಶಿಕ್ಷಣ ಮತ್ತು ಆರೋಗ್ಯ; ಕೃಷಿ ಮತ್ತು ಕೈಗಾರಿಕೆ. ಜನ ಸಾಮಾನ್ಯ ಸಭೆಯ ಕಡೆಗೇ ನೋಡುತ್ತಾರೆ. ಆದರೆ ಒಂದು ಕೆಲಸ ಪಟ್ಟಿಗೆ ಸೇರುವುದು, ಬಿಟ್ಟುಹೋಗುವುದು ಬಹುಪಾಲು ಸಮಿತಿಯ ಹಂತದಲ್ಲೇ ತೀರ್ಮಾನವಾಗುತ್ತದೆ. ನಿಮ್ಮ ವಿಷಯ ಶಾಲೆಯದಾದರೆ ಶಿಕ್ಷಣ ಮತ್ತು ಆರೋಗ್ಯ ಸಮಿತಿಯ ಅಧ್ಯಕ್ಷರಿಗೂ ಒಂದು ಪ್ರತಿ ಕೊಡಿ.

ಅಧಿಕಾರಿಗಳ ಪೈಕಿ ಮುಖ್ಯಸ್ಥರು ಸಿಇಒ, ಅಂದರೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಅವರ ಕೆಳಗೆ ಉಪ ಕಾರ್ಯದರ್ಶಿ, ಮುಖ್ಯ ಲೆಕ್ಕಾಧಿಕಾರಿ, ಮುಖ್ಯ ಯೋಜನಾಧಿಕಾರಿ. ಊರಿನ ಕೆಲಸಕ್ಕೆ ನಿಮಗೆ ಬೇಕಾದವರು ಮುಖ್ಯ ಯೋಜನಾಧಿಕಾರಿ ಶಾಖೆಯವರು. ಕ್ರಿಯಾ ಯೋಜನೆಯ ಪಟ್ಟಿ ಒಟ್ಟಾಗುವುದು ಅಲ್ಲಿ. ತಾಲ್ಲೂಕಿನಲ್ಲಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಗ್ರಾಮದಲ್ಲಿ ಪಿಡಿಒ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. 2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುಂಚೆ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೂ ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗದ ಮೀಸಲಾತಿ ತಕರಾರುಗಳಲ್ಲಿ ವರ್ಷಗಟ್ಟಲೆ ಚುನಾವಣೆ ಇಲ್ಲದೆ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಸಾಮಾನ್ಯ ಸಭೆಯ ಅಧಿಕಾರ ನಡೆಸಿದರು. ಇದು ಹಳ್ಳಿಯವರಿಗೆ ಆದ ದೊಡ್ಡ ಅನ್ಯಾಯ. ನಿಮ್ಮ ಕೆಲಸಕ್ಕೆ ಇದರಿಂದ ಏಳುವ ಪ್ರಶ್ನೆ ಇಷ್ಟೇ: ಅರ್ಜಿ ಬರೆಯುವ ದಿನ ಆ ಮಟ್ಟದಲ್ಲಿ ಚುನಾಯಿತ ಸಭೆ ಇದೆಯೋ, ಆಡಳಿತಾಧಿಕಾರಿ ಇದ್ದಾರೋ? ಸಭೆ ಇದ್ದರೆ ಅಧ್ಯಕ್ಷರಿಗೆ ಬರೆದು ಸಿಇಒಗೆ ಪ್ರತಿ. ಇಲ್ಲದಿದ್ದರೆ ಆಡಳಿತಾಧಿಕಾರಿಗೆ ಬರೆದು ಸಿಇಒಗೆ ಪ್ರತಿ. ಪಿಡಿಒ ಅಥವಾ ಇಒ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.

ಯಾರ ಅವಧಿ ಮುಗಿದರೂ ಗ್ರಾಮ ಸಭೆ ಮಾತ್ರ ಮುಗಿಯುವುದಿಲ್ಲ. ಅದು ಮತದಾರರ ಪಟ್ಟಿಯಲ್ಲಿರುವ ಜನರ ಸಭೆ, ಸದಸ್ಯರದ್ದಲ್ಲ. ಆದ್ದರಿಂದ ಕೆಳಗೆ ಹೇಳುವ ದಾರಿ ಗ್ರಾಮ ಸಭೆಯಿಂದಲೇ ಶುರುವಾಗುತ್ತದೆ.

ಮೊದಲು ಬಾಗಿಲು ಸರಿ ಮಾಡಿಕೊಳ್ಳಿ

ಹಳ್ಳಿಯ ಸರ್ಕಾರಿ ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಗ್ರಾಮೀಣ ರಸ್ತೆ, ಕುಡಿಯುವ ನೀರು ಜಿಲ್ಲಾ ಪಂಚಾಯತಿಯ ಲೆಕ್ಕಕ್ಕೆ ಬರುತ್ತವೆ. ಕೊಪ್ಪಳದ ಜಿಲ್ಲಾ ಆಸ್ಪತ್ರೆ ಬರುವುದಿಲ್ಲ. ಅದು ಕೊಪ್ಪಳದ ವೈದ್ಯಕೀಯ ಕಾಲೇಜು ಕಿಮ್ಸ್ ಜೊತೆ ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗಿದೆ. ರಾಜ್ಯ ಹೆದ್ದಾರಿಯೂ ಜಿಲ್ಲಾ ಮುಖ್ಯ ರಸ್ತೆಯೂ ಲೋಕೋಪಯೋಗಿ ಇಲಾಖೆಯವು. ಕರೆಂಟಿಗೆ ಜೆಸ್ಕಾಂ, ಬಸ್ಸಿಗೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ, ಪಹಣಿಗೆ ತಹಶೀಲ್ದಾರರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದಿದ್ದರೆ ನೀರಾವರಿ ನಿಗಮದ ಎಂಜಿನಿಯರು, ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ). ಜಿಲ್ಲಾ ಪಂಚಾಯತಿಗೆ ಬರೆದು ಫಲವಿಲ್ಲ.

ಕೆರೆಯ ವಿಷಯದಲ್ಲಿ ಅಚ್ಚುಕಟ್ಟು ನೋಡಬೇಕು. 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆವರೆಗೆ ಅಚ್ಚುಕಟ್ಟು ಇರುವ ಸಣ್ಣ ಕೆರೆ ಪಂಚಾಯತಿ ವ್ಯವಸ್ಥೆಯದು. ಅದಕ್ಕಿಂತ ದೊಡ್ಡದು, 2,000 ಹೆಕ್ಟೇರ್‌ವರೆಗೆ, ಸಣ್ಣ ನೀರಾವರಿ ಇಲಾಖೆಯದು. ಕುಷ್ಟಗಿ, ಯಲಬುರ್ಗಾ ಕಡೆ ಕೆರೆ ಹೂಳಿನ ಅರ್ಜಿ ಎರಡು ಕಚೇರಿಗಳ ನಡುವೆ ತಿರುಗದಿರಲು, ಅಚ್ಚುಕಟ್ಟಿನ ಅಂಕಿಯನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ದುಡ್ಡಿನ ಮೂಲವನ್ನೂ ತಿಳಿದಿರಬೇಕು. ಜಿಲ್ಲಾ ಪಂಚಾಯತಿಗೆ ಸರ್ಕಾರ ಕೊಡುವ ಹಣ ರಾಜ್ಯ ಬಜೆಟ್ಟಿನ ‘ಲಿಂಕ್ ಡಾಕ್ಯುಮೆಂಟ್’ ಎಂಬ ಸಂಪುಟದಲ್ಲಿ ಜಿಲ್ಲಾವಾರು, ಇಲಾಖಾವಾರು ಅಚ್ಚಾಗಿರುತ್ತದೆ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಮೊತ್ತ ನೋಡಿ ಹಿಗ್ಗಬೇಡಿ. ಅದರ ದೊಡ್ಡ ಪಾಲು ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಸಂಬಳಕ್ಕೇ ಹೋಗುತ್ತದೆ. ಕಟ್ಟಡ, ದುರಸ್ತಿಗೆ ಉಳಿಯುವುದು ಕಡಿಮೆ.

ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬೇರೆ. ಅದರ ಕೇಂದ್ರ ಕಛೇರಿ ಕಲಬುರಗಿಯಲ್ಲಿ. ಶಾಲಾ ಕೋಣೆಗಳಿಗೆ ನಮ್ಮ ಭಾಗದಲ್ಲಿ ಈ ಹಣವೂ ಬರುತ್ತದೆ. ಕೆಲಸದ ಪಟ್ಟಿಯಲ್ಲಿ ಶಾಸಕರ ಮಾತು ನಡೆಯುತ್ತದೆ. ಸಂಡೂರು, ಬಳ್ಳಾರಿ ಕಡೆ ಗಣಿಬಾಧಿತ ಊರುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಆದ್ದರಿಂದ ಆ ಅರ್ಜಿ ಮಾತ್ರ ಡಿ.ಸಿ. ಹೆಸರಿಗೇ ಹೋಗಬೇಕು.

ಒಂದೇ ಕೋಣೆಯನ್ನು ಎರಡು ಕಡೆ ಕೇಳಬಹುದೇ? ಕೇಳಬಹುದು, ಆದರೆ ಎರಡೂ ಅರ್ಜಿಯಲ್ಲಿ ಅದನ್ನು ಬರೆಯಬೇಕು. ಎರಡು ಪಟ್ಟಿಯಲ್ಲಿ ಒಂದೇ ಕೆಲಸ ಕಂಡರೆ ಲೆಕ್ಕಪರಿಶೋಧನೆಯವರು ಆಕ್ಷೇಪ ಎತ್ತುತ್ತಾರೆ, ಎರಡೂ ಕಡೆ ಬಿಲ್ಲು ನಿಲ್ಲುತ್ತದೆ.

ಠರಾವು: ಪೂರ್ತಿ ಕಡತದ ಬೇರು

ವಾರ್ಡ್ ಸಭೆಯಿಂದ ಗ್ರಾಮ ಸಭೆಗೆ, ಅಲ್ಲಿಂದ ಗ್ರಾಮ ಪಂಚಾಯತಿಗೆ, ಆಮೇಲೆ ಮೇಲಕ್ಕೆ. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಕೋರಂಗೆ, ಅಂದರೆ ಸಭೆ ಸಿಂಧುವಾಗಲು, ಮತದಾರರ ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ವಾರ್ಡ್ ಸಭೆಗೆ ಹತ್ತರಲ್ಲೊಂದು ಅಥವಾ 20 ಜನ. ಬಂದವರಲ್ಲಿ ಶೇ. 30ರಷ್ಟಾದರೂ ಹೆಣ್ಣುಮಕ್ಕಳಿರಬೇಕು.

ಮುಂದಿನ ವರ್ಷದ ಯೋಜನೆಯ ಗ್ರಾಮ ಸಭೆಗಳು ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತವೆ. ಕೊಪ್ಪಳ ಸೀಮೆಯಲ್ಲಿ ಇದು ಹಿಂಗಾರಿ ಬಿತ್ತನೆಯ ಹೊತ್ತು. ಎರಿ ಹೊಲದಲ್ಲಿ ಜೋಳ, ಕಡಲೆ ಹಾಕುವವರು ಹಗಲು ಸಭೆಗೆ ಬರುವುದು ಕಷ್ಟ. ಸಭೆಯ ಸಮಯವನ್ನು ಬೆಳಿಗ್ಗೆ ಬೇಗನೋ ಸಂಜೆಗೋ ಇಡಿ ಎಂದು ಪಿಡಿಒಗೆ ಮುಂಚೆಯೇ ಬರೆದುಕೊಡಿ. ಕೋರಂ ಇಲ್ಲದೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿದ ಠರಾವು ತಕರಾರು ಬಂದ ದಿನ ನಿಲ್ಲುವುದಿಲ್ಲ. ಅದರ ಮೇಲೆ ನಿಂತ ಕೆಲಸವೂ ಬಿದ್ದುಹೋಗುತ್ತದೆ.

ಠರಾವಿನ ಮಾತು ಹೀಗಿರಲಿ:

“ಗ್ರಾಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ (ಯು-ಡೈಸ್ ಸಂಖ್ಯೆ …) 3 ಮತ್ತು 4ನೇ ಕೋಣೆಗಳ ಛಾವಣಿ ಗಿಲಾವು ಉದುರಿ ಕಬ್ಬಿಣ ಕಾಣುತ್ತಿದ್ದು, ಮಳೆ ಬಂದಾಗ … ಮಕ್ಕಳು ವರಾಂಡದಲ್ಲಿ ಕೂರುತ್ತಿದ್ದಾರೆ. ಸದರಿ ಕೋಣೆಗಳನ್ನು ಪರಿಶೀಲಿಸಿ ಕೆಡವಿ, ಶಾಲೆಯ ಹೆಸರಿನಲ್ಲಿರುವ ಸರ್ವೆ ನಂ. … ರ ಅದೇ ಜಾಗದಲ್ಲಿ ಎರಡು ಹೊಸ ಕೋಣೆ ಕಟ್ಟಲು … ಸಾಲಿನ ಕ್ರಿಯಾ ಯೋಜನೆಗೆ ಸೇರಿಸುವಂತೆ ಜಿಲ್ಲಾ ಪಂಚಾಯತಿಯನ್ನು ಕೋರಲು ಸಭೆ ತೀರ್ಮಾನಿಸಿತು.”

ಇದರಲ್ಲಿ ಒಂದೊಂದು ತುಂಡಿಗೂ ಕೆಲಸವಿದೆ. ಯು-ಡೈಸ್ ಎಂದರೆ ಪ್ರತಿ ಶಾಲೆಗೂ ಕೊಟ್ಟಿರುವ 11 ಅಂಕಿಯ ಗುರುತಿನ ಸಂಖ್ಯೆ; ಅದು ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಶಾಲೆಗಳಲ್ಲಿ ಯಾವುದು ಎಂಬ ಗೊಂದಲ. ‘ಕೋಣೆಗಳು ಹಾಳಾಗಿವೆ’ ಎಂದಷ್ಟೇ ಬರೆದರೆ ಎಂಜಿನಿಯರು ಅದನ್ನು ದುರಸ್ತಿ ಎಂದು ಓದಿ ಸುಣ್ಣ ಬಣ್ಣಕ್ಕೆ ಅಂದಾಜು ಹಾಕಬಹುದು. ‘ಪರಿಶೀಲಿಸಿ ಕೆಡವಿ’ ಎಂದು ಬರೆಯುವುದು, ಕಟ್ಟಡ ಶಿಥಿಲವಾಗಿದೆ ಎಂದು ಎಂಜಿನಿಯರು ಬರೆದುಕೊಡದೆ ಸರ್ಕಾರಿ ಕಟ್ಟಡ ಕೆಡವಲು ಬಾರದು ಎಂಬ ಕಾರಣಕ್ಕೆ. ಎಲ್ಲಕ್ಕಿಂತ ಮುಖ್ಯ ಸರ್ವೆ ನಂಬರು. ಹಳೆಯ ಶಾಲೆಗಳಿಗೆ ಊರ ಹಿರಿಯರು ಬಾಯಿಮಾತಿನಲ್ಲಿ ಜಾಗ ಬಿಟ್ಟುಕೊಟ್ಟಿರುತ್ತಾರೆ. ಕಾಗದ ಆಗಿರುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೆ ತಕರಾರು ಏಳುತ್ತದೆ. ಮಂಜೂರಾದ ಕೋಣೆ ವಾಪಸ್ ಹೋಗಲು ಇಂಥ ಜಾಗದ ತಕರಾರು ದೊಡ್ಡ ಕಾರಣ. ಠರಾವಿಗೆ ಮುಂಚೆಯೇ ಪಹಣಿ ಅಥವಾ ಇ-ಸ್ವತ್ತು (ಗ್ರಾಮ ಪಂಚಾಯತಿಯ ಆಸ್ತಿ ದಾಖಲೆ) ಉತಾರ ತೆಗೆಸಿ ನೋಡಿ; ಶಾಲೆಯ ಹೆಸರಿಲ್ಲದಿದ್ದರೆ ದಾನಪತ್ರದ ಕೆಲಸ ಮೊದಲು.

ನೀರಿನ ವಿಷಯವಾದರೆ ಠರಾವಿನ ಜೊತೆ ನೀರಿನ ಪರೀಕ್ಷಾ ವರದಿ ಇರಲಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಒಪ್ಪುತ್ತಾರೆ. ಅದನ್ನು ಮೀರಿದ ವರದಿ ಕೈಯಲ್ಲಿದ್ದರೆ ‘ನೀರು ಸವಳು’ ಎಂಬ ದೂರಿಗಿಂತ ಬೇಗ ಕಡತ ಏಳುತ್ತದೆ.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಿದ್ದಾರೋ ಇಲ್ಲವೋ ನಿಂತು ಓದಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡ. ದೃಢೀಕರಿಸಿದ ನಕಲು ಕೇಳಿ ಪಡೆಯಿರಿ.

ಠರಾವಿನಿಂದ ಕಾರ್ಯಾದೇಶದವರೆಗೆ

ಒಂದು ಅರ್ಜಿಗೆ ಒಂದೇ ಕೆಲಸ. ಕೋಣೆ, ಚರಂಡಿ, ಬಸ್ಸು ಮೂರನ್ನೂ ಒಂದರಲ್ಲಿ ಬರೆದರೆ ಮೂರು ಶಾಖೆಯವರೂ ‘ಇದು ನಮ್ಮದಲ್ಲ’ ಎನ್ನುತ್ತಾರೆ. ಠರಾವಿನ ನಕಲು, ಜಾಗದ ಉತಾರ, ಎರಡು ಫೋಟೊ, ಮುಖ್ಯ ಶಿಕ್ಷಕರ ಪತ್ರ ಲಗತ್ತಿಸಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ತಾರೀಕು, ಮೊಹರು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆವು ಎಂಬ ಸಮಾಧಾನ ಬೇಡ. ಆವಕ ಸಂಖ್ಯೆ ಇಲ್ಲದ ಅರ್ಜಿಗೆ ಕಚೇರಿಯಲ್ಲಿ ಹುಟ್ಟೇ ಇಲ್ಲ.

ಆಮೇಲಿನ ನಡೆ ಇದು: ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದವರು ಜಾಗ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ, ಕೆಲಸ ಕ್ರಿಯಾ ಯೋಜನೆಗೆ ಸೇರುತ್ತದೆ, ಆಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕೊನೆಗೆ ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶ. ಪ್ರತಿ ಹಂತಕ್ಕೂ ಒಂದು ಸಂಖ್ಯೆ, ಒಂದು ತಾರೀಕು ಇರುತ್ತದೆ. ‘ಕೆಲಸ ಆಗ್ತದ, ನಡೀರಿ’ ಎಂಬ ಉತ್ತರ ತೆಗೆದುಕೊಂಡು ಬರಬೇಡಿ. ಯಾವ ಹಂತ, ಯಾವ ನಂಬರು ಎಂದು ಕೇಳಿ ಬರೆದುಕೊಳ್ಳಿ.

ಕ್ರಿಯಾ ಯೋಜನೆ ಮಂಜೂರಾದ ಮೇಲೆ ಬಂದ ಅರ್ಜಿ ಮುಂದಿನ ವರ್ಷದ್ದು. ಮಾರ್ಚ್‌ನಲ್ಲಿ ಕಚೇರಿ ಸುತ್ತುವುದು ವ್ಯರ್ಥ. ಆಗ ಎಲ್ಲರೂ 31ರೊಳಗೆ ಬಿಲ್ಲು ಖಜಾನೆಗೆ ಹಾಕುವ ಗಡಿಬಿಡಿಯಲ್ಲಿರುತ್ತಾರೆ. ಠರಾವು ಅಕ್ಟೋಬರ್, ನವೆಂಬರಿನಲ್ಲಿ, ಅಂದಾಜು ಪಟ್ಟಿ ಜನವರಿಯೊಳಗೆ ಆದರೆ ಒಳ್ಳೆಯದು.

ಕಡತ ನಿಂತರೆ

ಮೊದಲು ಸರಳ ಪತ್ರ: ಆವಕ ಸಂಖ್ಯೆ ಹಾಕಿ, ಈಗಿನ ಸ್ಥಿತಿ ತಿಳಿಸಿ ಎಂದು. 1902 ಜನಸ್ಪಂದನ ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸುಲಭ. ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಶುಲ್ಕವಿಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ.

‘ಕೋಣೆ ಯಾಕೆ ಕಟ್ಟಿಲ್ಲ’ ಎಂದು ಕೇಳಬೇಡಿ. ಕಾರಣ ಕೇಳುವ ಪ್ರಶ್ನೆಗೆ ‘ಇದು ಮಾಹಿತಿಯಲ್ಲ’ ಎಂದು ತಿರುಗಿಸಿ ಕಳಿಸುತ್ತಾರೆ. ದಾಖಲೆ ಕೇಳಿ: ಇಂಥ ಆವಕ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು, ಇಂಥ ಸಾಲಿನ ಅನುಮೋದಿತ ಕ್ರಿಯಾ ಯೋಜನೆಯ ಪಟ್ಟಿ. ಟಿಪ್ಪಣಿ ಹಾಳೆಯಲ್ಲಿ ಕಡತ ಯಾವ ಟೇಬಲ್ಲಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ತಾರೀಕು ಸಮೇತ ಕಾಣುತ್ತದೆ.

ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ; ಗ್ರಾಮ ಪಂಚಾಯತಿಯದಾದರೆ ತಾಲ್ಲೂಕಿನ ಇಒ ಮುಂದೆ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಭಾಗಕ್ಕೆ ಕಲಬುರಗಿ ಪೀಠವಿದೆ, ಬೆಂಗಳೂರಿಗೆ ಓಡುವ ಅಗತ್ಯವಿಲ್ಲ.

ಕೆಲಸ ಶುರುವಾದ ಮೇಲೂ ಶಾಲಾಭಿವೃದ್ಧಿ ಸಮಿತಿಯವರು ಅಂದಾಜು ಪಟ್ಟಿಯ ಒಂದು ನಕಲು ಕೈಯಲ್ಲಿಟ್ಟುಕೊಳ್ಳಬೇಕು. ಪಾಯದ ಆಳ, ಗೋಡೆಯ ದಪ್ಪ, ಛಾವಣಿಯ ಕಬ್ಬಿಣದ ಅಳತೆ ಅದರಲ್ಲಿ ಬರೆದಿರುತ್ತದೆ. ಪಾಯ ಮುಚ್ಚುವ ಮುಂಚೆ, ಸ್ಲ್ಯಾಬ್ ಹಾಕುವ ಮುಂಚೆ ಟೇಪ್ ಹಿಡಿದು ನೋಡಿ ಫೋಟೊ ತೆಗೆಯಿರಿ. ಕಾಂಕ್ರೀಟು ಬಿದ್ದ ಮೇಲೆ ಕಬ್ಬಿಣ ಎಣಿಸಲು ಆಗುವುದಿಲ್ಲ. ವ್ಯತ್ಯಾಸ ಕಂಡರೆ ಅಂದೇ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಪಾವತಿಯಾದ ಮೇಲೆ ಅದನ್ನು ತಿದ್ದಿಸುವುದು ಬಹಳ ಕಷ್ಟ.

ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಇರುತ್ತದೆ. ಅಷ್ಟು ದಿನ ಸೋರಿಕೆ, ಬಿರುಕು ಗುತ್ತಿಗೆದಾರರದೇ ಹೊಣೆ, ಅವರ ಠೇವಣಿಯೂ ಇಲಾಖೆಯ ಕೈಯಲ್ಲಿರುತ್ತದೆ. ಆ ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂಬುದನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಮೊದಲ ಮಳೆಗಾಲದಲ್ಲೇ ಛಾವಣಿ ನೋಡಿ, ತೇವ ಕಂಡರೆ ಅವಧಿಯೊಳಗೆ ಲಿಖಿತ ದೂರು ಕೊಡಿ. ಅದು ಕಳೆದರೆ ದುರಸ್ತಿಯ ದುಡ್ಡಿಗೆ ಮತ್ತೆ ಹೊಸ ಠರಾವು, ಹೊಸ ಕ್ರಿಯಾ ಯೋಜನೆಯಾಗಬೇಕು.